ಕೆಂಪುಬುಗುಡಿಯವಳ ಹತ್ತೊಂಬತ್ತು ಮಕ್ಕಳು

ಹಿತ್ತಲಿನಲ್ಲಿ ಸೂರಿಗಿಂತ ಎತ್ತರದ ಕರಿಬೇವಿನ ಮರವಿದ್ದೂ ಒಗ್ಗರಣೆಗೆ ಸಂತೆಯಿಂದ ಕರಿಬೇವು ತರಿಸುವ ಮನೆ ಇಡೀ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಒಂದೇ ಒಂದು ಇದೆ. ಅದು ನನ್ನ ಷಡ್ಡಕನ ಮನೆ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನ ಮನೆ. ಅನುಮಾನವಿದ್ದವರು ತಲಕಾಡಿನ ಬಸ್ಸು ಹತ್ತಿ, ಹೊಳೆ ಕಾಣಿಸಿದ ಕೂಡಲೇ ಇಳಿದು, "ಚಿಟ್ಟೆಯವರ ಮನೆ ಎಲ್ಲಿ?" ಎಂದು ಯಾರನ್ನಾದರೂ ಕೇಳಿ ನೋಡಬಹುದು. ಎಮ್ಮೆ ಮೇಯಿಸುವ ಮುದುಕಿ ಕೂಡ ಕೈಮಾಡಿ ತೋರಿಸುತ್ತಾಳೆ. ನಂಜನಗೂಡು ತಾಲ್ಲೂಕಿನ ನಮ್ಮ ಹೆಡತಲೆಯಲ್ಲಿ ಮೂವತ್ತು ವರ್ಷ ಹಾಲಿನ ಸಂಘದ ಕಾರ್ಯದರ್ಶಿಯಾಗಿದ್ದವನು ನಾನು. ನನ್ನ ಮನೆ ಎಲ್ಲಿ ಎಂದು ಕೇಳಿದರೆ, "ಯಾರು? ಹಾಲಿಗೆ ನೀರು ಹಾಕಿದೀಯ ಅಂತ ಬೈಯೋರಲ್ಲ, ಅವರಾ?" ಎನ್ನುತ್ತಾರೆ. ಇದು ನ್ಯಾಯವೇ, ನೀವೇ ಹೇಳಿ!

ಒಂದು ಮಧ್ಯಾಹ್ನ ಅವನ ಮನೆಯಲ್ಲಿ ಮಜ್ಜಿಗೆ ಕೊಟ್ಟರು. ಎರಡು ಎಲೆ ಕರಿಬೇವು ಕಿವುಚಿ ಹಾಕಿಕೊಳ್ಳೋಣವೆಂದು ಹಿತ್ತಲಿಗೆ ಹೋಗಿ ಕೊಂಬೆಗೆ ಕೈ ಹಾಕಿದೆ. ತೊಟ್ಟಿಲಿನ ಕೂಸನ್ನು ಯಾರೋ ಎತ್ತಿಕೊಂಡು ಹೋಗುತ್ತಿದ್ದಾರೆನ್ನುವ ಹಾಗೆ ಷಡ್ಡಕ ಓಡಿ ಬಂದ.

"ಅಣ್ಣಾ, ತಡಿ ತಡಿ! ಆ ಕಡ್ಡೀಲಿ ಮೂರು ಜನ ಅವ್ರೆ!"

"ಯಾರೋ?"

"ಇವತ್ತು ಬೆಳಿಗ್ಗೆ ತಾನೆ ಮೊಟ್ಟೆಯಿಂದ ಈಚೆ ಬಂದವ್ರೆ, ಪಾಪ."

ಕನ್ನಡಕ ಹಾಕಿಕೊಂಡ. ಕೊಂಬೆಯನ್ನು ಬಗ್ಗಿಸಿದ. ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿ, ಬಹಳ ಯೋಚನೆ ಮಾಡಿ, ಒಂದು ಎಲೆ ಕಿತ್ತು ನನ್ನ ಅಂಗೈಯಲ್ಲಿಟ್ಟ. ಒಂದು ಎಸಳಲ್ಲ, ಒಂದು ಎಲೆ! ಅದನ್ನು ಲೋಟಕ್ಕೆ ಹಾಕಿ ಬಾಯಿಗಿಡುವಷ್ಟರಲ್ಲಿ ಮತ್ತೆ ಬಂದು ನನ್ನ ಮಜ್ಜಿಗೆಯೊಳಗೆ ಇಣುಕಿದ. "ಏನೋ ಮತ್ತೆ?" ಎಂದೆ. "ಏನಿಲ್ಲ ಅಣ್ಣ, ಎಲೆ ಹಿಂದ್ಗಡೆ ಸರಿಯಾಗಿ ನೋಡಿದ್ನಾ ಇಲ್ವಾ ಅಂತ ಗ್ಯಾನ ಬಂತು" ಎಂದ.

ಇಂಥವನನ್ನು ಕಂಡು ನಾನು ನಲವತ್ತು ವರ್ಷ ಹೊಟ್ಟೆಕಿಚ್ಚು ಪಟ್ಟೆ ಎಂದರೆ ನೀವು ನಗುತ್ತೀರಿ. ನಗಿ. ಆದರೆ ಪೂರ್ತಿ ಕೇಳಿಸಿಕೊಂಡು ನಗಿ, ಏಕೆಂದರೆ ನಾನು ಇದನ್ನು ಬರೆಯಲು ಕುಳಿತದ್ದು ನಗಿಸುವುದಕ್ಕೊಂದೇ ಅಲ್ಲ.

ನಮ್ಮಿಬ್ಬರ ಮಾವನ ಮನೆ ಹೆಮ್ಮರಗಾಲ. ನಾನು ಹಿರಿಯ ಅಳಿಯ. ಎಸ್ಸೆಸ್ಸೆಲ್ಸಿ ಒಂದೇ ಸಲಕ್ಕೆ ಪಾಸು, ಕೈಯಲ್ಲಿ ಕೆಲಸ, ಮುತ್ತಿನಂಥ ಅಕ್ಷರ. ಅವನು ಕಿರಿಯ ಅಳಿಯ. ಹೊಳೆದಂಡೆಯ ಭತ್ತದ ಗದ್ದೆ, ಮೂರು ಹಸು, ಕಾಗೆ ಕಾಲಿನಂಥ ಅಕ್ಷರ. ಹಬ್ಬಕ್ಕೆ ಹೋದರೆ ಒಬ್ಬಟ್ಟು ಮೊದಲು ನನ್ನ ಎಲೆಗೆ ಬೀಳುತ್ತಿತ್ತು, ತುಪ್ಪವೂ ನನಗೇ ಮೊದಲು. ನಾನು ಓರೆಗಣ್ಣಿನಲ್ಲಿ ಅವನ ಮುಖ ನೋಡುತ್ತಿದ್ದೆ, ಸ್ವಲ್ಪವಾದರೂ ಬಾಡಿದೆಯೇ ಎಂದು. ಅವನು ಕಿಟಕಿಯಾಚೆ ನೋಡುತ್ತಿದ್ದ! ನಾನು ಹೊಸ ಸ್ಕೂಟರಿನಲ್ಲಿ ಹೋಗಿ ಅಂಗಳದಲ್ಲಿ ಎರಡು ಸುತ್ತು ಹೊಡೆದು ನಿಲ್ಲಿಸಿದಾಗ ಅವನು ಹತ್ತಿರ ಬಂದು, ಬಗ್ಗಿ, ಉಸಿರು ಬಿಗಿಹಿಡಿದು ನೋಡಿದ. ಅಂತೂ ಇವತ್ತು ಸಿಕ್ಕಿಬಿದ್ದ ಎಂದುಕೊಂಡೆ. "ಅಣ್ಣ, ಅಲ್ಲಾಡ್ಬೇಡ. ನಿನ್ನ ಕನ್ನಡೀ ಮ್ಯಾಲೆ ಒಂದು ಕೂತದೆ" ಎಂದ. ಹೊಟ್ಟೆಕಿಚ್ಚು ಪಡುವವನಿಗೆ ಎದುರಾಳಿಯ ಸಹಕಾರವೂ ಒಂದಿಷ್ಟು ಬೇಡವೇ? ಅದೂ ಇಲ್ಲದೆ ಒಬ್ಬನೇ ಎಷ್ಟು ದುಡಿಯಲಿ!

ನನ್ನ ಮಗನಿಗೆ ಹೆಣ್ಣು ನೋಡಲು ಹೋದಾಗಿನ ಕಥೆ ಕೇಳಿ. ಏನೇನು ಮಾತಾಡಬೇಕೆಂದು ಎರಡು ದಿನ ಕೂತು ಯೋಚಿಸಿದ್ದೆ. ಹೋಗಿ ಕುಳಿತು, ನಮ್ಮ ಮನೆತನದ ವಿಚಾರ ಇನ್ನೂ ಅಜ್ಜನವರೆಗೆ ಬಂದಿರಲಿಲ್ಲ, ಪಕ್ಕದಲ್ಲಿ ನೋಡಿದರೆ ಷಡ್ಡಕ ಇಲ್ಲ. ಅವರ ಹಿತ್ತಲಿನಲ್ಲಿ ನಿಂಬೆಗಿಡದ ಬುಡದಲ್ಲಿ ಮಂಡಿಯೂರಿ ಕೂತಿದ್ದಾನೆ! ಬೀಗರ ಮನೆಯವರೆಲ್ಲ ಬಾಗಿಲಲ್ಲಿ ಸೇರಿ ನೋಡುತ್ತಿದ್ದಾರೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಮೊಣಕಾಲಿನ ಮಣ್ಣು ಕೊಡವಿಕೊಂಡು ಎದ್ದು ಬಂದು, "ಬಲು ಚೆಂದಾಗಿ ಇಟ್ಕಂಡಿದೀರಿ. ಅವ್ಸದಿ ಸೋಕ್ಸಿಲ್ಲ" ಎಂದ. ಹೆಣ್ಣಿನ ತಂದೆ ಕರಗಿಹೋದರು. "ಎಲ್ಲರೂ ಪಡಸಾಲೆ ನೋಡಿ ಓಯ್ತಾರೆ. ಇತ್ಲು ನೋಡಿ ಮನೆ ಅಳೆಯೋ ದೊಡ್ಡೋರನ್ನ ಇವತ್ತು ಕಂಡೆ" ಎಂದರು. ಸಂಬಂಧ ಅಲ್ಲೇ ನಿಶ್ಚಯವಾಯಿತು. ಈಗಲೂ ನನ್ನ ಬೀಗರು ಫೋನು ಮಾಡಿದರೆ ಮೊದಲು ಕೇಳುವುದು ಅವನ ಆರೋಗ್ಯ. ಹುಡುಗನ ಅಪ್ಪ ನಾನು!

ಇನ್ನು ಆ ಚಿಟ್ಟೆಯ ವಿಚಾರ ಸ್ವಲ್ಪ ಹೇಳಲೇಬೇಕು. ಇಂಗ್ಲಿಷಿನಲ್ಲಿ ಅದರ ಹೆಸರು ಕಾಮನ್ ಮಾರ್ಮನ್ ಅಂತೆ. ಕರಿಬೇವು, ನಿಂಬೆ ಗಿಡಗಳಲ್ಲಿ ಮೊಟ್ಟೆಯಿಡುವ ದೊಡ್ಡ ಕಪ್ಪು ಚಿಟ್ಟೆ. ನೀವೂ ನೋಡಿರುತ್ತೀರಿ. ಇದರ ಗಂಡುಗಳೆಲ್ಲ ಒಂದೇ ಥರ: ಕಪ್ಪು ರೆಕ್ಕೆ, ಅದರ ಮೇಲೆ ಬಿಳಿ ಚುಕ್ಕೆಗಳ ಒಂದು ಸಾಲು. ಹೆಣ್ಣುಗಳು ಮಾತ್ರ ಮೂರು ಬಗೆ. ಒಂದು ಬಗೆಯವಳು ಥೇಟ್ ಗಂಡಿನ ಹಾಗೆಯೇ. ಹಿಂದಿನ ರೆಕ್ಕೆಯ ಅಂಚಿನಲ್ಲಿ ಉಗುರಿನ ಚೂರಿನಂಥ ಕೆಂಪು ಗೀರು ಇದೆಯೇ ಎಂದು ನೋಡಿಯೇ ಗುರುತು ಹಿಡಿಯಬೇಕು. ಇವಳಿಗೆ ಷಡ್ಡಕ ಇಟ್ಟ ಹೆಸರು ಗಂಡುಬೀರಿ. ಎರಡನೆಯವಳಿಗೆ ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಸುತ್ತ ಕುಂಕುಮದ ಬೊಟ್ಟುಗಳು. ಇವಳು ಕುಂಕುಮದವಳು. ಮೂರನೆಯವಳಿಗೆ ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನ ರೆಕ್ಕೆಯ ತುಂಬ, ಕಿವಿಯ ಬುಗುಡಿಗೆ ಕೆಂಪು ಹರಳು ಜೋಡಿಸಿದ ಹಾಗೆ, ಚುಕ್ಕೆಗಳು. ಇವಳೇ ಕೆಂಪುಬುಗುಡಿ. ನಮ್ಮ ಕಡೆ ಅಪರೂಪ.

ಕೊನೆಯ ಇಬ್ಬರದೂ ಎರವಲು ಸೀರೆ. ವಿಷದ ಬಳ್ಳಿ ತಿಂದು ಬೆಳೆಯುವ ಬೇರೆ ಎರಡು ಜಾತಿಯ ಚಿಟ್ಟೆಗಳಿವೆ, ಅವನ್ನು ಹಕ್ಕಿಗಳು ಬಾಯಿಗೆ ಹಾಕುವುದಿಲ್ಲ. ಇವರು ಆ ಚಿಟ್ಟೆಗಳ ವೇಷ ಹಾಕಿಕೊಂಡು ಹಕ್ಕಿಗಳಿಗೆ ಮಂಕುಬೂದಿ ಎರಚುತ್ತಾರೆ. ಇದನ್ನು ಷಡ್ಡಕ ನಮ್ಮ ಅತ್ತೆಗೆ ವಿವರಿಸಿದಾಗ ಅವರು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದರು: "ಅಲ್ಲ ಕಣಪ್ಪ, ಮೂರು ಥರದೋರೂ ಒಬ್ಬಳೇ ತಾಯಿ ಒಟ್ಟೇಲಿ ಉಟ್ಟಾರಾ?"

ಅವನಿಗೆ ಗೊತ್ತಿರಲಿಲ್ಲ. ಅವತ್ತಿನಿಂದ ಹಿಡಿದದ್ದು ಈ ಹುಚ್ಚು. ಪ್ರತಿ ತಾಯಿಯ ಮೊಟ್ಟೆಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಸಾಕುವುದು, ಯಾವ ತಾಯಿಗೆ ಎಂಥ ಹೆಣ್ಣುಮಕ್ಕಳು ಹುಟ್ಟಿದರೆಂದು ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ ಬರೆಯುವುದು. ಬರೆಯುವುದಷ್ಟೇ ಅಲ್ಲ, ಪ್ರತಿ ಮಗಳ ರೆಕ್ಕೆಯ ಚಿತ್ರವನ್ನೂ ಸ್ಕೆಚ್ ಪೆನ್ನಿನಲ್ಲಿ ಬಿಡಿಸುತ್ತಿದ್ದ. ಏಕೆಂದರೆ ಒಂದೇ ಬಗೆಯವರಲ್ಲೂ ಒಬ್ಬಳ ಹಾಗೆ ಇನ್ನೊಬ್ಬಳಿಲ್ಲ; ಒಬ್ಬಳ ಬಿಳಿ ಮಚ್ಚೆ ಅವರೆಕಾಳಿನಷ್ಟಿದ್ದರೆ ಇನ್ನೊಬ್ಬಳದು ಕಡಲೆಯಷ್ಟು.

ಮಾವ ತೀರಿಕೊಂಡ ವರ್ಷ ಅತ್ತೆ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ನಾನು ಹೊಸ ಮಿಕ್ಸಿ ತೆಗೆದುಕೊಂಡು ಹೋಗಿ ಕೊಟ್ಟೆ. "ಇಡಪ್ಪ ಅಲ್ಲಿ" ಎಂದರು. ಅವನು ಒಂದು ಡಬ್ಬಿಯಲ್ಲಿ ಹಸಿರು ಹುಳುವೊಂದನ್ನು ತಂದು, "ಅತ್ತೆ, ಇದರ ಬೆನ್ನು ಒಂಚೂರು ಮುಟ್ಟಿ" ಎಂದ. ಮುಟ್ಟಿದರು. ಹುಳು ತಲೆಯೊಳಗಿಂದ ಎರಡು ಕವಲಿನ ಕೆಂಪು ಕೊಂಬು ಹೊರಗೆ ಚಾಚಿ, ಕೊಳೆತ ನಿಂಬೆಹಣ್ಣಿನ ನಾತ ಬಿಟ್ಟಿತು. ಅತ್ತೆ ಸೆರಗು ಮೂಗಿಗಿಟ್ಟುಕೊಂಡು, "ಥೂ! ನಿಮ್ಮ ಮಾವನಿಗೂ ಇಂಗೇಯಾ ಕ್ವಾಪ ಬರ್ತಿತ್ತು!" ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮನೆಯವರೆಲ್ಲ ಓಡಿಬಂದು ಆ ನಗು ನೋಡಿದರು. ನಾನೂ ನೋಡಿದೆ, ಮಿಕ್ಸಿಯ ಪಕ್ಕದಲ್ಲಿ ನಿಂತು.

ನಾನೇನು ಸುಮ್ಮನೆ ಕೂರಲಿಲ್ಲ. ಹೆಡತಲೆಯ ನಮ್ಮ ಹಿತ್ತಲಲ್ಲೂ ಕರಿಬೇವು ನೆಟ್ಟೆ. ಎರಡು ವರ್ಷಕ್ಕೆ ಎದೆಯೆತ್ತರ ಬಂತು, ಚಿಟ್ಟೆ ಬರಲಿಲ್ಲ. ಕೊನೆಗೊಂದು ದಿನ ಎಲೆಯ ಮೇಲೆ ಮರಿಹುಳು ಕಂಡಿತು. ಎಳೆಯ ಹುಳು ನೋಡಲು ಹಕ್ಕಿಯ ಹಿಕ್ಕೆಯ ಹಾಗಿರುತ್ತದೆ, ಶತ್ರುಗಳ ಕಣ್ಣಿಗೆ ಮಣ್ಣೆರಚಲು ಎಂದು ಅವನೇ ಹೇಳಿದ್ದ. ಎರಡು ದಿನ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ನನ್ನವಳು ಎರಡು ಹೊತ್ತಿನ ಕಾಫಿಯನ್ನೂ ಅಲ್ಲಿಗೇ ತಂದುಕೊಟ್ಟಳು. ಮೂರನೆಯ ದಿನ ಷಡ್ಡಕನಿಗೆ ಫೋನು ಮಾಡಿದೆ. ಎರಡು ಬಸ್ಸು ಬದಲಾಯಿಸಿ ಬಂದ. ಕನ್ನಡಕ ಹಾಕಿ ನೋಡಿದ. ಬಹಳ ಹೊತ್ತು ನೋಡಿದ.

"ಅಣ್ಣ, ಇದು ಇಕ್ಕೆ ಕಣಣ್ಣ."

"ಹಿಕ್ಕೆ ಥರ ಇರೋ ಹುಳು ತಾನೆ?"

"ಇಲ್ಲ. ಇಕ್ಕೆ ಥರ ಇರೋ ಇಕ್ಕೆ."

ಅಡುಗೆಮನೆಯೊಳಗೆ ನನ್ನವಳು ಬಾಯಿಗೆ ಸೆರಗು ತುರುಕಿಕೊಂಡು ಒದ್ದಾಡುತ್ತಿದ್ದಳು. ಆದರೆ ಅವನು ನಗಲಿಲ್ಲ. "ನಂಗೂ ಮೊದಲನೇ ವರ್ಷ ಇಂಗೇ ಆಗಿತ್ತು, ಬುಡು" ಎಂದ. ನಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವನು ನಗದೇ ಇದ್ದುದು ನನ್ನ ಹೊಟ್ಟೆಯಲ್ಲಿ ಬಹಳ ದಿನ ಉರಿಯಿತು.

ಆಮೇಲೆ ಮೈಸೂರಿನ ಕಾಲೇಜೊಂದರಿಂದ ಪ್ರಾಣಿಶಾಸ್ತ್ರದ ಮೇಡಂ ಬಂದರು. ಯಾರೋ ಹೇಳಿ ಗೊತ್ತಾಗಿತ್ತಂತೆ. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಆ ಕಾಗೆ ಕಾಲಿನ ಅಕ್ಷರದ ಪುಸ್ತಕಗಳನ್ನು ಒಂದೊಂದಾಗಿ ಓದಿದರು. "ಸಾರ್, ಕೆಂಪುಬುಗುಡಿಯ ಮೊಟ್ಟೆ ಸಿಕ್ಕಿದ್ರೆ ಒಂದನ್ನೂ ಬಿಡದೆ ಸಾಕಿ. ಅವಳ ಹೆಣ್ಣುಮಕ್ಕಳಲ್ಲಿ ಯಾವ ಬಗೆಯವು ಎಷ್ಟು ಅಂತ ನೀವು ಹೇಳಿದ್ರೆ ನಾನು ನಂಬ್ತೀನಿ" ಎಂದರು. ನೀವು ಹೇಳಿದರೆ ನಾನು ನಂಬುತ್ತೇನೆ! ಮೂವತ್ತು ವರ್ಷ ಲ್ಯಾಕ್ಟೋಮೀಟರ್ ಅದ್ದಿ ಹಾಲಿನ ಡಿಗ್ರಿ ಹೇಳಿದ ನನಗೆ ಈ ಮಾತನ್ನು ಒಬ್ಬ ಎಮ್ಮೆ ಕಟ್ಟುವವನೂ ಹೇಳಿರಲಿಲ್ಲ.

ಮುಂದಿನ ವರ್ಷವೇ ಕೆಂಪುಬುಗುಡಿ ಬಂದಳು. ಷಡ್ಡಕ ತಾನು ಮಲಗುವ ಸೊಳ್ಳೆಪರದೆ ಬಿಚ್ಚಿಕೊಂಡು ಹೋಗಿ ಕರಿಬೇವಿನ ಕೊಂಬೆಗೆ ಕಟ್ಟಿ ಅವಳನ್ನು ಒಳಗೆ ಬಿಟ್ಟ. ಅವಳು ಎರಡು ದಿನ ಪರದೆಯೊಳಗೆ ಮಹಾರಾಣಿಯ ಹಾಗಿದ್ದು ಮೊಟ್ಟೆಯಿಟ್ಟು ಹೋದಳು. ಗಂಡ ಹೆಂಡತಿ ಆ ಎರಡು ದಿನ ಸೊಳ್ಳೆಗೆ ರಕ್ತ ಕೊಟ್ಟರು. ನನ್ನ ನಾದಿನಿ ಮೈಯೆಲ್ಲ ಕೆರೆದುಕೊಳ್ಳುತ್ತಾ ನನ್ನ ಹತ್ತಿರ ದೂರು ಹೇಳಿದಳು: "ನೋಡಿ ಭಾವ, ಇವರಿಗೆ ನಾನು ಎರಡನೇವ್ಳಾದೆ!" ಹೇಳುವಾಗ ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಬೇಕಿತ್ತು.

ಮೊಟ್ಟೆಗಳಿಂದ ಹತ್ತೊಂಬತ್ತು ಹುಳುಗಳಾದವು. ಬೆರಳುದ್ದ ಬೆಳೆದು, ಇನ್ನೇನು ಒಂದು ವಾರದಲ್ಲಿ ಗೂಡು ಕಟ್ಟಬೇಕು ಅನ್ನುವಾಗ ಅವನ ಕಣ್ಣು ಕೈಕೊಟ್ಟಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮೈಸೂರಿನಲ್ಲಿ ತಕ್ಷಣ ಆಪರೇಷನ್ ಆಗಬೇಕೆಂದರು. ಅಕ್ಕ ತಂಗಿ ಇಬ್ಬರೂ ಜೊತೆಗೆ ಹೊರಟರು. ಹುಳುಗಳಿಗೆ ನಾಲ್ಕು ದಿನ ಯಾರು ಗತಿ? ನಾನು.

ಹೊರಡುವ ಮುಂಚೆ ನನ್ನನ್ನು ಕೂರಿಸಿ ಹೇಳಿದ. "ದಿನಕ್ಕೆ ಎರಡು ಸಲ ಸೊಪ್ಪು. ಮರದ್ದೇ ಆಗ್ಬೇಕು ಅಣ್ಣ. ಫ್ರಿಜ್ಜಲ್ಲಿರೋ ಸಂತೆ ಸೊಪ್ಪು ಮುಟ್ಬೇಡ, ಅದುಕ್ಕೆ ಅವ್ಸದಿ ಒಡೆದಿರ್ತಾರೆ. ತೊಳ್ಕಂಡು ತಿಂದ್ರೆ ನಮ್ಗೇನೂ ಆಗಲ್ಲ. ಇವ್ಕೆ ತಡೆಯಲ್ಲ." ಆಮೇಲೆ ತನ್ನ ಫೋನನ್ನೂ ನನ್ನ ಕೈಯಲ್ಲಿಟ್ಟ. "ನೀನಿದೀಯ ಅಂತ ಧೈರ್ಯವಾಗಿ ಓಯ್ತಾ ಇವ್ನಿ" ಎಂದ.

ಎರಡು ದಿನ ಸರಿಯಾಗಿಯೇ ಮಾಡಿದೆ. ಏಣಿ ಹತ್ತಿ ಎಳೆ ಸೊಪ್ಪು ತಂದೆ. ಮೂರನೆಯ ದಿನ ಸಂಜೆ ಅವನ ಫೋನು ಬಡಿದುಕೊಂಡಿತು. ಮೇಡಂ.

"ಸಾರ್ ಇಲ್ವಾ? ನೀವು ಯಾರು ಮಾತಾಡೋದು?"

"ನಾನು ಅವನ ಅಣ್ಣನ ಸಮಾನ. ಹುಳು ನೋಡಿಕೊಳ್ಳಲು ಬಂದಿದ್ದೇನೆ."

"ಓ, ಮನೆ ಕಾಯೋಕೆ ಇಟ್ಟಿರೋರಾ? ಸರಿ ಸರಿ. ಒಳ್ಳೆಯದಾಯ್ತು. ಸಾರ್‌ಗೆ ಹೇಳಿ, ಚಿಟ್ಟೆ ಈಚೆ ಬರೋ ದಿನ ನಾನು ವಿದ್ಯಾರ್ಥಿಗಳನ್ನ ಕರ್ಕೊಂಡು ಬರ್ತೀನಿ. ಅವರಂಥ ಕಣ್ಣು ನಮ್ಮ ಕಾಲೇಜಲ್ಲೇ ಒಬ್ಬರಿಗೂ ಇಲ್ಲ."

ಮನೆ ಕಾಯೋಕೆ ಇಟ್ಟಿರೋರು! ಹೆಮ್ಮರಗಾಲದ ಹಿರಿಯ ಅಳಿಯ!

ಮಾರನೆಯ ಬೆಳಿಗ್ಗೆ ಜಿಟಿಜಿಟಿ ಮಳೆ. ಏಣಿ ಜಾರುತ್ತದೆ ಎಂದುಕೊಂಡೆ. ಅದು ಸುಳ್ಳೇನಲ್ಲ, ಜಾರುತ್ತಿತ್ತು. ಆದರೆ ಕೆಳಗಿನ ಕೊಂಬೆಯಲ್ಲಿ ನೆಲದಿಂದಲೇ ಕೈಗೆ ಸಿಗುವಷ್ಟು ಸೊಪ್ಪಿತ್ತು. ಅದನ್ನು ನಾನು ನೋಡಿದ್ದೆ. ನೋಡಿಯೂ ಹೋಗಿ ಫ್ರಿಜ್ಜಿನ ಬಾಗಿಲು ತೆರೆದೆ. ಸಂತೆಯ ಸೊಪ್ಪಿನ ಕಟ್ಟು ಕೈಗೆತ್ತಿಕೊಂಡಾಗ ಒಂದು ಗಳಿಗೆ ಕೈ ತಡೆಯಿತು. ಎಲ್ಲ ಸಾಯುವುದಿಲ್ಲ, ಎರಡೋ ಮೂರೋ ಹೋಗಬಹುದು, ಹೋದರೆ ಆ ಮೇಡಂ ಇವನನ್ನು ಅಷ್ಟೊಂದು ಹೊಗಳುವುದು ಕಡಿಮೆಯಾಗುತ್ತದೆ ಅನ್ನಿಸಿತು. ಸೊಪ್ಪನ್ನು ಎರಡು ಸಲ ನೀರಿನಲ್ಲಿ ತೊಳೆದೆ. ಹುಳುಗಳ ಮೇಲಿನ ಕರುಣೆಯಿಂದ ಅಲ್ಲ. ನಾಳೆ ನನ್ನ ಮನಸ್ಸು ಕೇಳಿದರೆ 'ತೊಳೆದಿದ್ದೆ' ಎನ್ನಲು ಒಂದು ಮಾತು ಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಅವು ಹಸಿರು ನೀರು ಕಾರುತ್ತಾ, ಹಿಂಗಾಲುಗಳಲ್ಲಿ ಮಾತ್ರ ಕಡ್ಡಿ ಹಿಡಿದು ತಲೆಕೆಳಗಾಗಿ ನೇತಾಡುತ್ತಿದ್ದವು. ಒಂದನ್ನು ಬೆರಳಿನಿಂದ ಮುಟ್ಟಿದೆ. ಅದು ಕೆಂಪು ಕೊಂಬನ್ನು ಅರ್ಧ ಚಾಚಿತು. ಒಳಗೆಳೆದುಕೊಳ್ಳಲು ಶಕ್ತಿ ಸಾಲಲಿಲ್ಲ. ನಾನು ಮಳೆಯಲ್ಲೇ ಓಡಿಹೋಗಿ ಮರದ ಸೊಪ್ಪು ತಂದು ಹಾಕಿದೆ. ಹತ್ತೊಂಬತ್ತರಲ್ಲಿ ಒಂದೂ ಬಾಯಿ ಹಾಕಲಿಲ್ಲ.

ಷಡ್ಡಕ ಬಂದಾಗ ಎರಡು ಕಣ್ಣಿಗೂ ಹಸಿರು ಬಟ್ಟೆ ಮುಚ್ಚಿದ್ದರು. ನನ್ನವಳು ಕೈ ಹಿಡಿದು ಆಟೋದಿಂದ ಇಳಿಸಿದಳು. ಹೊಸ್ತಿಲು ದಾಟುವ ಮುಂಚೆಯೇ ಕೇಳಿದ: "ಗೂಡು ಕಟ್ಟಿದ್ವಾ ಅಣ್ಣ?"

"ಇಲ್ಲ ಕಣಪ್ಪ. ಹೋಗ್ಬಿಟ್ಟವು."

"ಎಷ್ಟು?"

"ಎಲ್ಲಾನೂವೆ."

ಅವನು ಗೋಡೆಗೆ ಕೈಕೊಟ್ಟು ನಿಂತ. "ಎಂಗಣ್ಣ? ಏನಾಗಿತ್ತು? ಬಣ್ಣ ಎಂಗಿತ್ತು?"

ಕಣ್ಣಿದ್ದಿದ್ದರೆ ಡಬ್ಬಿ ನೋಡಿದ ತಕ್ಷಣ ಅವನಿಗೆ ಗೊತ್ತಾಗುತ್ತಿತ್ತು. ಕಣ್ಣಿರಲಿಲ್ಲ. ಡಬ್ಬಿಗಳನ್ನು ನಾನು ತೊಳೆದು ಬೋರಲು ಹಾಕಿಯೂ ಆಗಿತ್ತು. "ಇರುವೆ ಕಣಪ್ಪ. ಮಳೆಗೆ ಒಳಗೆ ಬಂದ್ಬಿಟ್ಟವು. ಬೆಳಗ್ಗೆ ಎದ್ದು ನೋಡೋ ಹೊತ್ತಿಗೆ ಮುಗಿದೋಗಿತ್ತು" ಎಂದೆ.

ಒಳಗಿನಿಂದ ನಾದಿನಿ ಕೂಗಿದಳು. "ಫ್ರಿಜ್ಜಲ್ಲಿದ್ದ ಕರಿಬೇವು ಎಲ್ಲೋಯ್ತು?"

"ಚಿತ್ರಾನ್ನ ಮಾಡ್ಕೊಂಡೆ ಕಣಮ್ಮ."

"ನೀವಾ! ನಿಮ್ಗೆ ಒಲೆ ಹಚ್ಚಾಕೆ ಬತ್ತದಾ ಭಾವ?" ಎಂದು ಅವಳು ನಕ್ಕಳು. ನನ್ನವಳು ನಗಲಿಲ್ಲ. ನನ್ನ ಮುಖವನ್ನೇ ನೋಡಿದಳು.

ಸ್ವಲ್ಪ ಹೊತ್ತಿನ ಮೇಲೆ ಷಡ್ಡಕ ಪುಸ್ತಕ ತರಿಸಿದ. "ನೀನೇ ಬರಿ ಅಣ್ಣ, ನಿನ್ನ ಅಕ್ಷರ ಚೆಂದ" ಎಂದ. ಅವನ ಪುಸ್ತಕದಲ್ಲಿ ನನ್ನ ಅಕ್ಷರ ಇರಬೇಕು ಎಂಬ ಆಸೆ ನನಗೆ ಎಷ್ಟೋ ವರ್ಷದಿಂದ ಇತ್ತು. ಅವನು ಹೇಳಿದ, ನಾನು ದುಂಡಗೆ ಬರೆದೆ: 'ಕೆಂಪುಬುಗುಡಿಯವಳ ಮಕ್ಕಳು ಹತ್ತೊಂಬತ್ತು. ಎಲ್ಲವೂ ಇರುವೆಗೆ ಹೋದವು. ಮೇಜಿನ ಕಾಲಿಗೆ ನೀರಿನ ಬಟ್ಟಲು ಇಡದೇ ಇದ್ದದ್ದು ನನ್ನ ತಪ್ಪು.' ನನ್ನ ತಪ್ಪು ಎಂದರೆ ಅವನ ತಪ್ಪು. ಬರೆದ ಕೈ ನನ್ನದು.

ಮೇಡಂ ಬಂದರು, ಪುಸ್ತಕ ನೋಡಿದರು, "ಇರುವೆಗೆ ಏನು ಮಾಡೋಕಾಗುತ್ತೆ ಸಾರ್" ಎಂದು ಸಮಾಧಾನ ಹೇಳಿ ಹೋದರು. ಹೊಗಳಿಕೆಯ ಮಾತು ಒಂದೂ ಬರಲಿಲ್ಲ; ನಾನು ಅಂದುಕೊಂಡ ಹಾಗೆಯೇ ಆಯಿತು. ನನಗೆ ಒಂದು ತೊಟ್ಟು ಸಂತೋಷವೂ ಸಿಗಲಿಲ್ಲ.

ಎರಡು ವರ್ಷ ಕಳೆಯಿತು. ಆಪರೇಷನ್ ಆದರೂ ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಆಳು ಬಂದದ್ದು ಹೋದದ್ದು ತಿಳಿಯುತ್ತಿತ್ತು, ಅಷ್ಟೇ. ಕೆಂಪುಬುಗುಡಿ ಮತ್ತೆ ಬರಲಿಲ್ಲ. ಆದರೂ ಅವನು ಬೇರೆ ತಾಯಂದಿರ ಮೊಟ್ಟೆ ಸಾಕುವುದನ್ನು ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ನಾನು ಹೋದಾಗ ಅವನು ನೆಲದ ಮೇಲೆ ಬೋರಲು ಮಲಗಿದ್ದ. ಬಿದ್ದುಬಿಟ್ಟನೇನೋ ಎಂದು ಗಾಬರಿಯಾಗಿ ಓಡಿದೆ. ಬಿದ್ದಿರಲಿಲ್ಲ. ಮೇಜಿನ ನಾಲ್ಕು ಕಾಲಿಗೂ ನೀರು ತುಂಬಿದ ತೆಂಗಿನ ಚಿಪ್ಪು ಇಟ್ಟಿದ್ದ. ನೀರು ಎಷ್ಟಿದೆ ಎಂದು ಪ್ರತಿಯೊಂದರಲ್ಲೂ ಬೆರಳದ್ದಿ ನೋಡುತ್ತಿದ್ದ. ಆಮೇಲೆ ಅಂಗೈಯನ್ನು ನೆಲಕ್ಕೆ ಹರಡಿ ಇಟ್ಟು, ಉಸಿರು ಹಿಡಿದು ಸುಮ್ಮನಾದ.

"ಏನು ಮಾಡ್ತಿದೀಯೋ?"

"ಇರುವೆ ಅರಿದಾಡ್ತಾ ಅವಾ ಅಂತ. ಕಣ್ಗೆ ಕಾಣಲ್ವಲ್ಲ, ಕೈಗೆ ತಿಳೀತದೆ. ದಿನಾ ನೋಡ್ಬೇಕು ಕಣಣ್ಣ. ಒಂದ್ಸಲ ಮೈಮರೆತು ಹತ್ತೊಂಬತ್ತು ಜನ್ನ ಕಳ್ಕಂಡಿವ್ನಿ."

ನಾನು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಎಲ್ಲ ಹೇಳಿದೆ. ಏಣಿ, ಕೆಳಗಿನ ಕೊಂಬೆ, ಫ್ರಿಜ್ಜು, ಎರಡು ಸಲ ತೊಳೆದದ್ದು, ಚಿತ್ರಾನ್ನ.

ಅವನು ಎದ್ದು ಕೂತ. "ಎಷ್ಟೊತ್ತು ಒದ್ದಾಡಿದ್ವು?"

"ಸಂಜೆ ಗಂಟ."

"ಯಾಕಣ್ಣ ಮಾಡ್ದೆ?"

"ಹೊಟ್ಟೆಕಿಚ್ಚು."

"ಯಾರ ಮ್ಯಾಲೆ?"

"ನಿನ್ನ ಮೇಲೆ ಕಣೋ!"

"ನನ್ನ ಮ್ಯಾಲಾ?" ಎಂದು, ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ ಆ ಕಾಣದ ಕಣ್ಣುಗಳಲ್ಲೇ ತಿರುಗಿ ನೋಡಿದ. ಆಮೇಲೆ ಎದ್ದು, ಗೋಡೆ ಸವರಿಕೊಂಡು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡ. ನಾದಿನಿ ಒಂದೇ ತಟ್ಟೆ ತಂದು ನನ್ನ ಮುಂದಿಟ್ಟು ಒಳಗೆ ಹೋದಳು. ತಟ್ಟೆಯನ್ನು ಹಾಗೆಯೇ ಸರಿಸಿಟ್ಟೆ. ಮೂರು ಗಂಟೆಯ ಬಸ್ಸಿಗೆ ಹೊರಡೋಣವೆಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಬಾಗಿಲು ತೆರೆಯಿತು. ಕೈಯಲ್ಲಿ ಆ ಪುಸ್ತಕ.

"ಎಲ್ಲಿಗೆ ಒಂಟೆ? ಕೂತ್ಕೋ. ಅದನ್ನ ಒಡೆದಾಕು. ಇರುವೆ ಅಂತ ಬರ್ದಿರೋದ. ಅವು ಏನ್ಮಾಡಿದ್ವು ಪಾಪ. ಎರಡು ವರ್ಷ ಅವುಗಳ ಮ್ಯಾಲೆ ಅಪವಾದ ಒರ್ಸಿ ಕೂತಿವ್ನಿ." ಪುಸ್ತಕವನ್ನು ನನ್ನ ಕಡೆ ಚಾಚಿದ. "ನಡೆದದ್ದನ್ನ ನಡೆದಂಗೆ ಬರಿ. ನಿನ್ನ ಎಸರು ಆಕು."

ಬರೆದೆ. ಎಪ್ಪತ್ತು ದಾಟಿದ ಮೇಲೆ ನನ್ನ ಹೆಸರು ಆ ಪುಸ್ತಕಕ್ಕೆ ಬಿದ್ದದ್ದು ಹೀಗೆ.

"ಮೇಡಂಗೆ ನಾನೇ ಏಳ್ತೀನಿ. ನೀನು ಸೋಮವಾರ ಸೋಮವಾರ ಬಾ" ಎಂದ. "ನಂಗೆ ರೆಕ್ಕೆ ಬಣ್ಣ ತಿಳಿಯಲ್ಲ. ನೀನು ನೋಡಿ ಏಳು, ನೀನೇ ಬರಿ."

"ನಾನಾ? ನನ್ನ ಮಾತು ನಂಬ್ತೀಯಾ?"

"ಇನ್ಯಾರವ್ರೆ?" ಎಂದ, ಸ್ವಲ್ಪ ಒರಟಾಗಿಯೇ.

ಹೋದ ಸೋಮವಾರ ಒಂದು ಗೂಡು ಒಡೆಯಿತು. ಚಿಟ್ಟೆ ಒದ್ದೆ ರೆಕ್ಕೆ ಮಡಿಸಿಕೊಂಡು ಕಡ್ಡಿಗೆ ನೇತುಬಿದ್ದಿತ್ತು. ರೆಕ್ಕೆ ಆರಿ ಬಿಚ್ಚಲು ಹೊತ್ತಾಗುತ್ತದೆ. ಅವನು ಪಕ್ಕದಲ್ಲಿ ಕೂತು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ. ನಿಮಿಷಕ್ಕೊಮ್ಮೆ, "ಬಿಚ್ಚಿದ್ಲಾ?" "ಇಲ್ಲ." "ಈಗ?" "ಇಲ್ಲ ಕಣೋ, ತಡಿ." ಅವನ ಮನಸ್ಸಿನಲ್ಲಿ ಯಾರಿದ್ದಾಳೆಂದು ನನಗೆ ಗೊತ್ತಿತ್ತು. ಕೊನೆಗೆ ರೆಕ್ಕೆ ಬಿಚ್ಚಿತು.

"ಯಾವಳು ಅಣ್ಣ?"

ಕೆಂಪುಬುಗುಡಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಒಂದು ಮಾತು. ಆ ಮುಖ ಅರಳುವುದನ್ನು ನೋಡಲು ನನಗೆ ಎಷ್ಟು ಆಸೆಯಾಯಿತೆಂದರೆ, ಜೀವಮಾನದಲ್ಲಿ ಅವನ ಮುಖ ಬಾಡುವುದನ್ನು ನೋಡಲೂ ಅಷ್ಟು ಆಸೆಪಟ್ಟಿರಲಿಲ್ಲ. ಅವನಿಗೆ ಕಾಣುವುದಿಲ್ಲ. ಯಾರಿಗೂ ತಿಳಿಯುವುದಿಲ್ಲ.

"ಗಂಡುಬೀರಿ ಕಣಪ್ಪ" ಎಂದೆ.

"ಕೆಂಪು ಗೀರು ಅದಾ?"

"ಅದೆ. ಅಂಚಿನಲ್ಲಿ. ಬಲಗಡೇದು ಎಡಗಡೇದಕ್ಕಿಂತ ಒಂಚೂರು ದಪ್ಪ."

"ಅಂಗಾ!" ಎಂದು ಅವನು ಮೆಲ್ಲಗೆ ನಕ್ಕ. "ಬರ್ಕೋ ಅಣ್ಣ."

ಬರೆಯುವುದಕ್ಕೆ ಬಲಗೈ ಬೇಕಿತ್ತು. ಅವನು ಹಿಡಿದುಕೊಂಡಿದ್ದದ್ದೂ ಅದನ್ನೇ. ಬಿಡು ಎನ್ನಲು ನನಗೆ ಮನಸ್ಸಾಗಲಿಲ್ಲ. ಚಿಟ್ಟೆ ಎರಡು ಸಲ ರೆಕ್ಕೆ ಬಡಿದು ನೋಡಿಕೊಂಡು, ಕಿಟಕಿಯಿಂದಾಚೆ ಹಾರಿ, ಹೊಳೆಯ ಕಡೆಗೆ ಹೋದ ಮೇಲೂ ಪುಸ್ತಕದ ಆ ಸಾಲು ಖಾಲಿಯೇ ಇತ್ತು.